ಒಂದಕ್ಕೆ ಮೂರು ದರಪಟ್ಟಿ

ಫೆಬ್ರವರಿ ೬

ರೀ,

ಈ ಪತ್ರವನ್ನು ಒಬ್ಬರೇ ಕೂತು ಓದಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಸೈಟಿನ ಫೋನು ಆಫೀಸಿನ ನಟ್ಟನಡುವೆ ಕೂತಿದೆ. ನೀವು ‘ಹಲೋ’ ಅಂದ ಕೂಡಲೇ ಸುತ್ತಲಿನ ಕುರ್ಚಿಗಳೆಲ್ಲ ನಿಮ್ಮ ಕಡೆ ತಿರುಗುವ ಕಿರಕಿರ ನನಗಿಲ್ಲಿ ಕೇಳಿಸುತ್ತದೆ.

ವಿಷಯ ಇಷ್ಟೆ. ನಕ್ಕರೆ ನನಗೆ ಮೂತ್ರ ಸೋರುತ್ತದೆ. ಕೆಮ್ಮಿದರೂ, ಸೀನಿದರೂ, ಸಿಲಿಂಡರ್ ಸರಿಸಿದರೂ ಅದೇ ಕಥೆ. ಶುರುವಾಗಿ ಎರಡು ವರ್ಷವಾಯಿತು. ನೀವು ರಜೆಗೆ ಬಂದಾಗ ಜೋಕು ಮುಗಿಯುವ ಮೊದಲೇ ನಾನು ಎದ್ದು ಓಡುತ್ತಿದ್ದೆನಲ್ಲ, ಅದು ಹಾಲು ಉಕ್ಕುತ್ತದೆ ಅಂತಲ್ಲ.

ಬೇರೆಯವರಿಗೆ ಇದು ಬರೀ ಮುಜುಗರ. ನನಗೆ ಹೊಟ್ಟೆಪಾಡಿನ ಪ್ರಶ್ನೆ. ತೆರೆಯ ಮೇಲೆ ಯಾರದೋ ಬಾಯಿ ಅಲ್ಲಾಡುತ್ತದೆ, ಕತ್ತಲೆ ಕೋಣೆಯಲ್ಲಿ ಕೂತು ನಾನು ನಗುತ್ತೇನೆ. ಮಾಟಗಾತಿಗೆ ನಕ್ಕಿದ್ದೇನೆ, ಮಂತ್ರಿಯ ಹೆಂಡತಿಗೆ ನಕ್ಕಿದ್ದೇನೆ, ಒಮ್ಮೆ ಒಂದು ಹೆಣ್ಣು ಕತ್ತೆಗೂ ನಕ್ಕಿದ್ದೇನೆ. ಕಂಠದಾನದವರ ನಡುವೆ ಅಳುವವರು ಬೇಕಾದಷ್ಟಿದ್ದಾರೆ. ಕರೆದು ಕೂರಿಸಿ ದುಡ್ಡು ಕೊಟ್ಟು ನಗಿಸುವುದು ನನ್ನೊಬ್ಬಳನ್ನೇ.

ಹೋದ ವಾರ ಒಂದು ಟೇಕ್ ಮುಗಿದಾಗ ಸೌಂಡ್ ಇಂಜಿನಿಯರ್ ಹುಡುಗ ಗಾಜಿನಾಚೆಯಿಂದ, “ಅಕ್ಕಾ, ಸೂಪರ್. ಆದ್ರೆ ಇನ್ನೂ ಸ್ವಲ್ಪ ಹೊಟ್ಟೆಯಿಂದ ಬರ್ಲಿ” ಅಂದ. ಬಂತು. ಅವನು ಕೇಳಿದ್ದಕ್ಕಿಂತ ಹೆಚ್ಚೇ ಬಂತು. ಎದ್ದರೆ ಕುರ್ಚಿ ಕಾಣುತ್ತದೆ. ಆದ್ದರಿಂದ ಕುಡಿಯುವ ನೀರಿನ ಬಾಟಲಿಯನ್ನು ನಾನೇ ತೊಡೆಯ ಮೇಲೆ ಬೋರಲು ಹಾಕಿಕೊಂಡು “ಅಯ್ಯೋ, ಚೆಲ್ಲಿಬಿಟ್ಟೆ ಕಣೋ” ಅಂದೆ. ಅವನು ಪಾಪ, ಒರೆಸಲು ತನ್ನ ಟವೆಲನ್ನೇ ಕೊಟ್ಟ. ಆ ಟವೆಲನ್ನು ಇನ್ನೂ ಹಿಂದಿರುಗಿಸಲು ಮನಸ್ಸು ಬಂದಿಲ್ಲ.

ಡಾಕ್ಟರಮ್ಮ ಹೇಳಿಕೊಟ್ಟ ಸ್ನಾಯು ಬಿಗಿ ಹಿಡಿಯುವ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಿದೆ. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ನಿಮ್ಮ ಅಕ್ಕನ ಭಾಷಣ ಕೇಳುವಾಗ. ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಈಗ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಅಂದಿದ್ದಾರೆ. ಜೂನ್ ಮಧ್ಯದಿಂದ ನೂರು ಕಂತಿನ ಧಾರಾವಾಹಿಯೊಂದಕ್ಕೆ ಧ್ವನಿ ಕೊಡಬೇಕು. ಪ್ರತಿ ಕಂತೂ ಮುದಿರಾಣಿಯೊಬ್ಬಳ ನಗುವಿನಿಂದ ಮುಗಿಯುತ್ತದೆ. ಆ ರಾಣಿ ನಾನು. ಮೇ ಕೊನೆಗೆ ಒಪ್ಪಂದಕ್ಕೆ ಸಹಿ ಹಾಕಬೇಕು. ಅಷ್ಟರೊಳಗೆ ನಾನು ಸರಿಹೋಗಬೇಕು. ಇಂಥ ಪಾತ್ರ ಇನ್ನೊಮ್ಮೆ ಬಾಗಿಲಿಗೆ ಬರುವ ವಯಸ್ಸು ನನ್ನದಲ್ಲ.

ನಿಮ್ಮ ಕಂಪನಿ ಅರ್ಧ ಖರ್ಚು ಕೊಡುತ್ತದಲ್ಲ. ಅರ್ಜಿಯಲ್ಲಿ ‘ಸಣ್ಣ ಆಪರೇಷನ್’ ಅಂತ ಬರೆದರೆ ಸಾಕು. ಹೋದ ವರ್ಷ ನಿಮ್ಮ ಮೂಲವ್ಯಾಧಿಗೆ ನೀವೂ ಹಾಗೇ ಬರೆದಿದ್ದಿರಿ. ಅಲ್ಲಿ ಯಾರಿಗೂ ತಿಳಿಯುವುದು ಬೇಡ.

ಉತ್ತರದಲ್ಲಿ ದಯವಿಟ್ಟು ನಗಿಸಬೇಡಿ. ನಿಮ್ಮ ಹೋದ ಪತ್ರಕ್ಕೆ ಒಂದು ಹಾಸಿಗೆ ಬಲಿಯಾಗಿದೆ.

ನಿಮ್ಮ ಗಿಲಕಿ


ಫೆಬ್ರವರಿ ೧೭

ಪ್ರಿಯ ಗಿಲಕಿ,

ಇಷ್ಟು ದಿನ ಕಂಠದಾನ ಮಾಡುತ್ತಿದ್ದವಳು ಜಲದಾನ ಯಾವಾಗ ಶುರು ಮಾಡಿದೆ? (ಹಾಸಿಗೆಯಿಂದ ಎದ್ದು ಓದು, ಮುಂದೆ ಇನ್ನೂ ಇದೆ.)

ನೀನು ‘ಶಸ್ತ್ರಚಿಕಿತ್ಸೆ’ ಅಂತ ಬರೆದಿದ್ದೆ ಅನ್ನಿಸುತ್ತದೆ, ನನ್ನ ಖರೀದಿ ವಿಭಾಗದ ಕಣ್ಣಿಗೆ ಅದು ‘ಸಸ್ತಾ ಚಿಕಿತ್ಸೆ’ ಅಂತಲೇ ಕಂಡಿತು. ಚಿಂತೆ ಮಾಡಬೇಡ. ಈ ಬಂದರು ಕಟ್ಟುವ ಕಾಮಗಾರಿಯಲ್ಲಿ ನಾನು ದಿನಬೆಳಗಾದರೆ ನೋಡುವುದೇ ಸೋರಿಕೆ: ಪೈಪು, ಪಂಪು, ವಾಲ್ವು, ಕೊನೆಗೆ ಬಜೆಟ್ಟು. ನಿನ್ನದನ್ನು ನಿಲ್ಲಿಸದೇ ಬಿಡುತ್ತೇನೆಯೇ?

ಆದರೆ ನಿಯಮ ನಿಯಮವೇ. ಇಂತಿಷ್ಟು ಮೊತ್ತ ದಾಟಿದರೆ ಮೂರು ಕೊಟೇಶನ್ ಬೇಕು. ಅದರ ಮೇಲೆ ನಾನು ತುಲನಾ ಪಟ್ಟಿ ತಯಾರಿಸಬೇಕು, ಅತಿ ಕಡಿಮೆ ದರದ್ದನ್ನು ಆರಿಸಬೇಕು. ಮೂರು ಕೊಟೇಶನ್ ಇಲ್ಲದೆ ನಾನು ಒಂದು ಪೊರಕೆ ಕೊಂಡವನಲ್ಲ ಅನ್ನುವುದು ಊರಿಗೇ ಗೊತ್ತು. ನಿನ್ನನ್ನು ಒಪ್ಪುವ ಮುಂಚೆ ಕೂಡ ಮೂರು ಹೆಣ್ಣು ನೋಡಿದ್ದೆ. ಮಿಕ್ಕಿಬ್ಬರು ಹೆಚ್ಚು ಓದಿದವರು, ನಿರ್ವಹಣಾ ವೆಚ್ಚ ಜಾಸ್ತಿ. ನೀನು ಸುಮ್ಮನೆ ನಗುತ್ತ ಕೂತಿದ್ದೆ. ಈ ಮಾಲು ಅಗ್ಗಕ್ಕೆ ಬಾಳಿಕೆ ಬರುತ್ತದೆ ಅಂದುಕೊಂಡೆ. ತಳದಲ್ಲಿ ತೂತಿದೆ ಅಂತ ಯಾರು ಕಂಡಿದ್ದರು!

ತಮಾಷೆಗೆ ಅಂದೆ ಕಣೆ. ಸದ್ಯಕ್ಕೆ ನಿನ್ನ ಒಂದಕ್ಕೆ ಮೂರು ದರಪಟ್ಟಿ ಕಳಿಸು. ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಇರಲಿ, ಸೀಲು ಇರಲಿ, ತೆರಿಗೆ ಪ್ರತ್ಯೇಕವಾಗಿ ತೋರಿಸಿರಲಿ.

ನನ್ನ ಸ್ಕೂಟರಿಗೆ ಹೊದಿಕೆ ಹಾಕಿದ್ದೀಯಾ? ವಾರಕ್ಕೊಮ್ಮೆ ಒರೆಸು.

ನಿನ್ನವನು


ಮಾರ್ಚ್ ೫

ರೀ,

ನಕ್ಕೆ. ಬೇಡ ಬೇಡ ಅಂದುಕೊಂಡೇ ನಕ್ಕೆ. ‘ತಳದಲ್ಲಿ ತೂತು’ ಅನ್ನುವಲ್ಲಿಗೆ ಬಂದಾಗ ನಗು ಅರ್ಧಕ್ಕೆ ನಿಂತಿತು, ಆದರೆ ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಇರಲಿ.

ಕೊಟೇಶನ್ ತರಲು ಹೋದವಳು ಪಟ್ಟ ಪಾಡು ಕೇಳಿ. ಗಾಜಿನ ಗೋಡೆಯ ದೊಡ್ಡ ಆಸ್ಪತ್ರೆಯ ಬಾಗಿಲಲ್ಲೇ ಒಂದು ಕಾರಂಜಿ ಇಟ್ಟಿದ್ದಾರೆ. ಮೂತ್ರದ ತೊಂದರೆಯವರು ಬರುವ ಜಾಗದಲ್ಲಿ ಜುಳುಜುಳು ಸದ್ದು! ಅಲ್ಲಿ ಕೂತ ಹೆಂಗಸರೆಲ್ಲ ಕಾಲಿಗೆ ಕಾಲು ಬಿಗಿಯಾಗಿ ಹೆಣೆದುಕೊಂಡಿದ್ದರು. ಬಿಲ್ಲಿಂಗ್ ಕೌಂಟರಿನಲ್ಲಿ ಮೆಲ್ಲಗೆ, “ಒಂದು ಆಪರೇಷನ್ನಿಗೆ ಅಂದಾಜು ಬೇಕಿತ್ತು” ಅಂದೆ.

“ಯಾವ ಆಪರೇಷನ್?”

ಚೀಟಿ ತೋರಿಸಿದೆ. ಅವನು ಓದಿ, ಹಿಂದಿನ ಕೋಣೆಗೆ ಕೇಳಿಸುವಂತೆ ಕೂಗಿದ: “ಸಾರ್, ಈ ಉಚ್ಚೆ ಸೋರೋದು ಪ್ಯಾಕೇಜಲ್ಲಿ ಬರುತ್ತಾ, ಬಿಡಿಬಿಡಿಯಾಗಿ ಹಾಕ್ಬೇಕಾ?”

“ಬಿಡಿಬಿಡಿಯಾಗಿ” ಅಂತ ಒಳಗಿನಿಂದ ಉತ್ತರ ಬಂತು. ನನ್ನ ಹಿಂದೆ ನಿಂತಿದ್ದ ಮುದುಕರೊಬ್ಬರು ಒಂದು ಹೆಜ್ಜೆ ಹಿಂದೆ ಸರಿದರು. ಅವರು ಉದ್ದೇಶವಿಟ್ಟು ಸರಿಯಲಿಲ್ಲ, ಕಾಲೇ ಸರಿಯಿತು. ನನಗೆ ಅದೇ ಹೆಚ್ಚು ನೋವಾಯಿತು.

ಅಂತೂ ತಂದಿದ್ದೇನೆ. ಗಾಜಿನ ಆಸ್ಪತ್ರೆಯವರು ಸಣ್ಣ ರಂಧ್ರಗಳ ಮೂಲಕ ಒಳಗೆ ಹೊಲಿಗೆ ಹಾಕಿ ಮೂತ್ರಚೀಲದ ಕುತ್ತಿಗೆಯನ್ನು ಮೇಲೆತ್ತಿ ನಿಲ್ಲಿಸುತ್ತಾರೆ. ಒಂದೂ ಮುಕ್ಕಾಲು ಲಕ್ಷ. ಹಳೆಯ ಧರ್ಮಾಸ್ಪತ್ರೆಯಲ್ಲಿ ನನ್ನದೇ ಹೊಟ್ಟೆಯಿಂದ ಒಂದು ಪಟ್ಟಿ ತೆಗೆದು ಕೆಳಗೆ ಜೋಲಿಯಂತೆ ಕಟ್ಟುತ್ತಾರೆ. ಅರವತ್ತೆಂಟು ಸಾವಿರ, ಆದರೆ ಹೆಚ್ಚು ದಿನ ಮಲಗಬೇಕು, ಚೇತರಿಕೆಯೂ ನಿಧಾನ. ನಮ್ಮ ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಬಲೆಯಂಥ ಟೇಪು ಹಾಕುತ್ತಾರೆ. ಎಂಬತ್ತೆರಡು ಸಾವಿರ, ಬೇಗ ಮನೆಗೆ ಬರಬಹುದು. ಕೆಲವರಿಗೆ ಅದು ಮುಂದೆ ತೊಂದರೆ ಕೊಡುವುದುಂಟು ಅಂತಲೂ ಅವರು ಮುಚ್ಚಿಡದೆ ಹೇಳಿದರು. ನಾಲ್ಕನೆಯದು ಇಂಜೆಕ್ಷನ್, ಮೂತ್ರನಾಳದ ಗೋಡೆ ಉಬ್ಬಿಸುವಂಥದು. ಅವರಲ್ಲೇ ಮೂವತ್ತನಾಲ್ಕು ಸಾವಿರ.

“ಇಂಜೆಕ್ಷನ್ ಸಾಕಾಗಲ್ವಾ ಡಾಕ್ಟ್ರೇ?” ಅಂತ ಕೇಳಿದೆ, ನಿಮ್ಮ ಮುಖ ನೆನೆದು.

“ಕೆಲವರಿಗೆ ಸಾಕು. ನಿಮಗೆ ಕೆಲಸವೇ ಹೊಟ್ಟೆ ಅದುಮೋದು. ಅದರ ಗುಣ ಇಳಿದ ಹಾಗೆ ಮತ್ತೆ ಹಾಕಿಸ್ಬೇಕಾಗಬಹುದು. ಬಿಲ್ಲಿಗೆ ಬಿಲ್ಲು ಹೋಲಿಸ್ಬೇಡಿ, ವರ್ಷಕ್ಕೆ ವರ್ಷ ಹೋಲಿಸಿ. ನಿಮಗೆ ನಾನು ಹೇಳೋದು ಟೇಪು.”

ನನಗೂ ಟೇಪೇ ಸರಿ ಅನ್ನಿಸಿದೆ. ನಾಲ್ಕೂ ಕಾಗದ ಲಗತ್ತಿಸಿದ್ದೇನೆ. ಬೇಗ ಬರೆಯಿರಿ.

ನಿಮ್ಮ ಗಿಲಕಿ


ಮಾರ್ಚ್ ೨೧

ಪ್ರಿಯ ಗಿಲಕಿ,

ಸಿಹಿಸುದ್ದಿ! ಖರೀದಿ ಸಮಿತಿ ನಿನ್ನನ್ನು ಸರ್ವಾನುಮತದಿಂದ ಮಂಜೂರು ಮಾಡಿದೆ. ತುಲನಾ ಪಟ್ಟಿಯ ಪ್ರತಿ ಇದರೊಂದಿಗಿದೆ. ನನ್ನ ಸೇವಾವಧಿಯಲ್ಲೇ ಇಷ್ಟು ಸುಂದರವಾದ ಪಟ್ಟಿ ಮಾಡಿರಲಿಲ್ಲ. ‘ವಸ್ತುವಿನ ವಿವರ’ ಅನ್ನುವ ಕಾಲಮ್ಮಿನಲ್ಲಿ “ಹೆಂಡತಿ, ಒಂದು, ಹಳೆಯದು, ನಕ್ಕರೆ ಸೋರಿಕೆ” ಅಂತ ಬರೆದಿದ್ದೆ. ಅಕೌಂಟೆಂಟು ಓದಿ ಚಹಾ ಮೂಗಿಗೆ ಏರಿಸಿಕೊಂಡ. ಸ್ಟೋರ್‌ಕೀಪರು ಗಂಭೀರವಾಗಿ, “ಸಾರ್, ವಾರಂಟಿ ಮುಗಿದಿದೆಯಾ? ಹಳೇ ಪೀಸ್ ವಾಪಸ್ ತಗೋತಾರಾ?” ಅಂತ ಕೇಳಿದ. ಸಿವಿಲ್ ಇಂಜಿನಿಯರು ಸಹಿ ಹಾಕುತ್ತ, “ನಮ್ಮ ಹತ್ತಿರ ಸಿಮೆಂಟ್ ಮಿಕ್ಕಿದೆ ಸಾರ್” ಅಂದ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ನೀನಿದ್ದಿದ್ದರೆ ಆಫೀಸು ತೇಲಿಹೋಗುತ್ತಿತ್ತು.

‘ಸಣ್ಣ ಆಪರೇಷನ್’ ಅಂತ ಬರೆಯಬಹುದಿತ್ತು, ನಿಜ. ಆದರೆ ವಿವರ ಇಲ್ಲದ ಪಟ್ಟಿ ಉಪ್ಪಿಲ್ಲದ ಊಟದ ಹಾಗೆ. ಇಲ್ಲಿ ಸಮುದ್ರ, ಸಿಮೆಂಟು ಬಿಟ್ಟರೆ ನೋಡಲು ಏನಿದೆ ಹೇಳು. ನಿನ್ನಿಂದ ಒಂದು ಮಧ್ಯಾಹ್ನ ಎಲ್ಲರಿಗೂ ಖುಷಿಯಾಯಿತು, ಪುಣ್ಯ ಬಂತು ಅಂದುಕೋ.

ನಿರ್ಧಾರ: ಅತಿ ಕಡಿಮೆ ದರ, ಅಂದರೆ ಇಂಜೆಕ್ಷನ್. ಹಣಕಾಸು ವರ್ಷ ಮುಗಿಯುತ್ತಿದೆ, ಹಣ ಬರುವುದು ಹೊಸ ವರ್ಷದಲ್ಲಿ. ಅಲ್ಲಿಯವರೆಗೆ ನಗಬೇಡ, ಅಳು. ಅಳುವ ಪಾತ್ರಗಳಿಗೂ ದುಡ್ಡು ಕೊಡುತ್ತಾರಲ್ಲ.

ನಿನ್ನವನು


ಏಪ್ರಿಲ್ ೧

ರೀ,

ಪಟ್ಟಿ ತಲುಪಿತು. ಮೂರು ಸಹಿಗಳನ್ನೂ ನೋಡಿದೆ. ಸ್ಟೋರ್‌ಕೀಪರರ ಅಕ್ಷರ ಮುದ್ದಾಗಿದೆ.

ಯಾರಿಗೂ ಹೇಳಬೇಡಿ ಅಂದಿದ್ದೆ. ಇದೊಂದೇ ಸಲ ಬರೆಯುತ್ತೇನೆ, ಮತ್ತೆ ಎತ್ತುವುದಿಲ್ಲ. ನಿಮ್ಮ ಮೂಲವ್ಯಾಧಿಗೆ ಮೂರು ಕೊಟೇಶನ್ ಬೇಕಾಗಿರಲಿಲ್ಲ. ಗಾಜಿನ ಆಸ್ಪತ್ರೆ, ಒಂಟಿ ಕೋಣೆ, ಕಿಟಕಿಯಾಚೆ ತೋಟ. ಆ ಅರ್ಜಿಯಲ್ಲಿ ‘ವಸ್ತುವಿನ ವಿವರ’ ಅನ್ನುವ ಕಾಲಮ್ಮಿಗೆ ನೀವು ಬರೆದದ್ದು ‘ಸಣ್ಣ ಆಪರೇಷನ್, ತುರ್ತು’.

ಗರಗಸ, ಸುತ್ತಿಗೆ, ಉಳಿ ಮೂರಕ್ಕೂ ದರ ತರಿಸಿ, ಉಳಿ ಅಗ್ಗ, ಅದರಲ್ಲೇ ಮರ ಕೊಯ್ಯಿ ಅಂದಂತಾಯಿತು ನಿಮ್ಮ ಪಟ್ಟಿ. ನೀವು ಬಿಟ್ಟದ್ದನ್ನು ನಾನು ಹೇಳುತ್ತೇನೆ. ಪ್ಯಾಡಿಗೆ ನನಗೆ ವರ್ಷಕ್ಕೆ ಸುಮಾರು ಇಪ್ಪತ್ತಾರು ಸಾವಿರ ಹೋಗುತ್ತದೆ. ಬಸ್ಸು ಬಿಟ್ಟು ಟ್ಯಾಕ್ಸಿ ಹಿಡಿಯುವುದು ಬೇರೆ. ಹೊಟ್ಟೆನೋವು ಅಂತ ಸುಳ್ಳು ಹೇಳಿ ಕೈಬಿಟ್ಟ ರೆಕಾರ್ಡಿಂಗುಗಳು ಬೇರೆ. ಇಂಜೆಕ್ಷನ್ನಿನ ಗುಣ ಇಳಿದರೆ ಇವೆಲ್ಲ ಮತ್ತೆ ಶುರು, ಅದನ್ನು ಮತ್ತೆ ಹಾಕಿಸುವ ಖರ್ಚೂ ಸೇರಲಿ. ಐದು ವರ್ಷಕ್ಕೆ ಕೂಡಿ ನೋಡಿ, ನಿಮ್ಮ ಅಗ್ಗದ್ದೇ ಎಲ್ಲಕ್ಕಿಂತ ದುಬಾರಿ.

ದರ ಎಲ್ಲವಕ್ಕೂ ಹಾಕಿದ್ದೀರಿ. ಆದರ ಯಾವ ಕಾಲಮ್ಮಿನಲ್ಲೂ ಕಾಣಲಿಲ್ಲ.

ಟೇಪಿಗೆ ಮಂಜೂರಾತಿ ಮಾಡಿಸಿ. ಮೇ ಕೊನೆ ದೂರವಿಲ್ಲ. ಬೇಡಿಕೊಳ್ಳುತ್ತೇನೆ.

ಗಿಲಕಿ


ಏಪ್ರಿಲ್ ೧೩

ಪ್ರಿಯ ಗಿಲಕಿ,

ನಿನ್ನ ದರ–ಆದರ ಬೊಂಬಾಟ್! ಅಕೌಂಟೆಂಟಿಗೆ ಓದಿ ಹೇಳಿದೆ, “ಮೇಡಂ ಭಾರಿ ಚುರುಕು ಸಾರ್” ಅಂದ. ಇನ್ನೂ ಪನ್ ಮಾಡುತ್ತಿದ್ದೀಯೆಂದರೆ ಕಾಯಿಲೆ ಅಷ್ಟೇನೂ ಮುಂದುವರಿದಿಲ್ಲ ಅಂತಾಯಿತು.

ನಿನ್ನ ಲೆಕ್ಕ ನಮ್ಮ ಕಣ್ಣು ತೆರೆಸಿತು. ಪ್ಯಾಡಿಗೆ ವರ್ಷಕ್ಕೆ ಇಪ್ಪತ್ತಾರು ಸಾವಿರ ಅಂದೆಯಲ್ಲ, ಅದು ಚಿಲ್ಲರೆ ದರ. ಸ್ಟೋರ್‌ಕೀಪರನ ಭಾವಮೈದನ ಹತ್ತಿರ ಸಗಟಿನಲ್ಲಿ ಹದಿನಾಲ್ಕು ಸಾವಿರಕ್ಕೆ ಬಗೆಹರಿಯುತ್ತದೆ! ಅಂದರೆ ಇಂಜೆಕ್ಷನ್ನಿಗಿಂತಲೂ ಅಗ್ಗ. ಕತ್ತರಿ ಇಲ್ಲ, ಸೂಜಿ ಇಲ್ಲ, ಮಲಗುವುದು ಇಲ್ಲ. ಆಪರೇಷನ್ ಪ್ರಸ್ತಾವ ಸದ್ಯಕ್ಕೆ ಕೈಬಿಟ್ಟು ಹನ್ನೆರಡು ದೊಡ್ಡ ಪೆಟ್ಟಿಗೆಗೆ ಆರ್ಡರ್ ಹಾಕಿಬಿಟ್ಟೆ. ಸೈಟಿನ ವೈದ್ಯಕೀಯ ಸಾಮಗ್ರಿಯ ಲೆಕ್ಕದಲ್ಲೇ ಹಾಕಿಸಿದೆ, ನಮ್ಮ ಕೈಯಿಂದ ಬಿಡಿಗಾಸೂ ಇಲ್ಲ. ಅಲ್ಲಿಗೆ ಬರುವ ಕಂಪನಿ ಲಾರಿಯಲ್ಲೇ ಬರುತ್ತದೆ, ಸಾಗಾಟವೂ ಉಳಿಯಿತು.

ಗಂಡ ದೂರ ಇದ್ದರೂ ಅವನು ಕಟ್ಟಿದ ಅಣೆಕಟ್ಟು ನಿನ್ನ ಜೊತೆಗಿರುತ್ತದೆ.

ನಿನ್ನವನು


ಏಪ್ರಿಲ್ ೨೧

ರೀ,

ಲಾರಿ ಬಂತು. ನಾನು ಎರಡನೇ ಮಹಡಿಯಲ್ಲಿದ್ದೆ. ಡ್ರೈವರ್ ಬೀದಿಯಲ್ಲೇ ನಿಂತು ಹಾರ್ನ್ ಹೊಡೆದು, ಮೇಲಕ್ಕೆ ನೋಡುತ್ತ, “ಪ್ಯಾಡ್ ಯಾರದೂ? ಹನ್ನೆರಡು ಬಾಕ್ಸ್!” ಅಂತ ಕೂಗಿದ. ಪೆಟ್ಟಿಗೆಗಳ ಮೇಲೆ ಅಂಗೈಯಗಲದ ಅಕ್ಷರದಲ್ಲಿ ‘ಸೋರಿಕೆ ತಡೆ, ವಯಸ್ಕರಿಗೆ’ ಅಂತಿದೆ. ಕೆಳಗೆ ನಮ್ಮ ಮನೆ ನಂಬರು. ಅದು ನಿಮ್ಮ ಕೈಬರಹ, ಗುರುತು ಸಿಕ್ಕಿತು.

ವಾಚ್‌ಮನ್ ಒಂದೊಂದಾಗಿ ಹೊತ್ತು ತಂದ. ಮೆಟ್ಟಿಲಲ್ಲಿ ಎದುರು ಮನೆಯಾಕೆ, “ಅಂಗಡಿ ಇಡ್ತೀರಾ?” ಅಂದಳು. ಕೆಳಗಿನ ಮನೆಯಾಕೆ ಸಂಜೆ ಬಂದು, ಬಾಗಿಲು ಹಾಕಿಕೊಂಡು, “ನನಗೂ ಹಾಗೇ ಆಗುತ್ತೆ ಕಣ್ರೀ, ಒಂದು ಬಾಕ್ಸ್ ಕೊಡ್ತೀರಾ?” ಅಂತ ಅತ್ತಳು. ಅವಳು ಈ ಮೆಟ್ಟಿಲಲ್ಲಿ ಹತ್ತು ವರ್ಷದಿಂದ ನನ್ನನ್ನು ನೋಡಿ ಮುಗುಳ್ನಕ್ಕವಳು. ಬಾಯಿ ತೆರೆದು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಯಾಕೆಂದು ಈಗ ಗೊತ್ತಾಯಿತು.

ಒಂದು ಕೊಟ್ಟೆ. ಹನ್ನೊಂದು ಉಳಿದಿವೆ.

ಇನ್ನು ಈ ವಿಷಯ ಬೇಡ. ನಿಮಗೆ ತೊಂದರೆ ಕೊಡುವುದಿಲ್ಲ.

ಗಿಲಕಿ


ಮೇ ೨೦

ಪ್ರಿಯ ಗಿಲಕಿ,

ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಸೋರಿಕೆ ನಿಂತಿತು ಸರಿ, ಶಾಯಿಯೂ ನಿಂತಿತೇ? ಇದನ್ನು ಮೊದಲ ಜ್ಞಾಪನ ಅಂತ ತಿಳಿ.

ದೂರು ಬಂದಿಲ್ಲ ಅಂದಮೇಲೆ ಮಾಲು ತೃಪ್ತಿಕರವಾಗಿದೆ ಅಂತ ಕಡತದಲ್ಲಿ ಬರೆದು ಮುಗಿಸಿದ್ದೇನೆ. ನೋಡಿದೆಯಾ? ಆಪರೇಷನ್ನು, ಆಪರೇಷನ್ನು ಅಂತ ಕುಣಿದೆ. ಹೆಂಗಸರಿಗೆ ದುಬಾರಿಯದ್ದೇ ಔಷಧಿ ಅನ್ನುವ ಭ್ರಮೆ. ಇಲ್ಲಿ ಎಲ್ಲರೂ ನಿನ್ನನ್ನು ಕೇಳುತ್ತಿರುತ್ತಾರೆ. ನಲ್ಲಿ ತೊಟ್ಟಿಕ್ಕಿದರೆ ಸ್ಟೋರ್‌ಕೀಪರು, “ಮೇಡಂ ನೆನಪಾಯ್ತು ಸಾರ್” ಅನ್ನುತ್ತಾನೆ. ಪ್ರೀತಿಯಿಂದಲೇ.

ಸ್ಕೂಟರ್ ಹೇಗಿದೆ? ಧೂಳು ಹಿಡಿಯುತ್ತಿಲ್ಲ ತಾನೆ?

ನಿನ್ನವನು


ಮೇ ೩೦

ರೀ,

ನಾನು ಚೆನ್ನಾಗಿದ್ದೇನೆ. ಭಾರ ಎತ್ತುತ್ತಿಲ್ಲ, ನಿಧಾನವಾಗಿ ನಡೆಯುತ್ತೇನೆ. ಒಪ್ಪಂದಕ್ಕೆ ನಿನ್ನೆ ಸಹಿ ಹಾಕಿದೆ. ಇಲ್ಲಿ ಹವಾಮಾನ ಒಣಗಿದೆ.

ಸ್ಕೂಟರಿನ ಚಿಂತೆ ಬೇಡ. ಈಗ ಅದಕ್ಕೆ ಧೂಳು ಹಿಡಿಯುತ್ತಿಲ್ಲ.

ಗಿಲಕಿ


ಜುಲೈ ೧೨

ಪ್ರಿಯಳೇ,

ಇದನ್ನು ಒಬ್ಬಳೇ ಕೂತು ಓದು. ಯಾರಿಗೂ ಹೇಳಬೇಡ, ನನ್ನ ಅಕ್ಕನಿಗಂತೂ ಬೇಡವೇ ಬೇಡ.

ನನ್ನನ್ನು ಅಮಾನತು ಮಾಡಿದ್ದಾರೆ. ಆಡಿಟ್‌ನವರು ಬಂದಿದ್ದರು. ಬಂದವರ ಕೈಗೆ ಸಿಕ್ಕಿದ ಮೊದಲ ಕಡತವೇ ಆ ಹನ್ನೆರಡು ಪೆಟ್ಟಿಗೆಯದು. ಗಂಡಸರೇ ಇರುವ ಸೈಟಿನಲ್ಲಿ ಇಷ್ಟು ಪ್ಯಾಡು ಯಾರಿಗೆ? ವೈದ್ಯಕೀಯ ಸಾಮಗ್ರಿಯ ಲೆಕ್ಕಕ್ಕೆ ಹೇಗೆ ಬಂತು? ಸ್ಟೋರ್‌ಕೀಪರನ ಭಾವಮೈದನಿಂದಲೇ ಯಾಕೆ ಕೊಂಡಿರಿ? ಕೊನೆಗೆ ಒಬ್ಬರು ಕನ್ನಡಕ ತೆಗೆದು, “ಇದಕ್ಕೆ ಮೂರು ಕೊಟೇಶನ್ ಎಲ್ಲಿ?” ಅಂದರು.

ಇರಲಿಲ್ಲ. ಒಂದೇ ಇತ್ತು. ನಾನು, ಮೂರಿಲ್ಲದೆ ಪೊರಕೆ ಕೊಳ್ಳದ ನಾನು. ನಗುವಿನ ಗಡಿಬಿಡಿಯಲ್ಲಿ ಮರೆತೇಬಿಟ್ಟೆ ಕಣೆ. ಪೆಟ್ಟಿಗೆಗಳಿಗೆ ಸಹಿ ಹಾಕಿದ ಮಧ್ಯಾಹ್ನವೂ ಎಲ್ಲರೂ ಅಷ್ಟು ನಗುತ್ತಿದ್ದರು.

ಸಮಿತಿಯ ಮೂವರೂ ‘ಓದದೆ ಸಹಿ ಹಾಕಿದೆವು’ ಅಂತ ಬರೆದುಕೊಟ್ಟಿದ್ದಾರೆ. ಸ್ಟೋರ್‌ಕೀಪರು ತನ್ನ ಭಾವಮೈದನ ಪರಿಚಯವೇ ಇಲ್ಲದವನಂತೆ ಮಾತಾಡುತ್ತಾನೆ. ಆಫೀಸಿಗೆ ಫೋನು ಮಾಡಲು ಹೋದರೆ ಈಗ ಒಂದು ಕುರ್ಚಿಯೂ ನನ್ನ ಕಡೆ ತಿರುಗುವುದಿಲ್ಲ.

ಒಂದೇ ದಾರಿ ಉಳಿದಿದೆ. ನಿಜವಾಗಿ ರೋಗಿ ಇದ್ದಾಳೆ, ಮಾಲು ಬಳಕೆಯಲ್ಲಿದೆ ಅಂತ ತೋರಿಸಿದರೆ ಅದನ್ನು ವೈದ್ಯಕೀಯ ಸಹಾಯ ಅಂತ ಪರಿಗಣಿಸಿ ಎಚ್ಚರಿಕೆ ಕೊಟ್ಟು ಬಿಡಬಹುದಂತೆ. ಇಲ್ಲದಿದ್ದರೆ ಕೆಲಸ ಹೋಗುತ್ತದೆ, ಪಿಂಚಣಿಯೂ ಹೋಗುತ್ತದೆ. ನೀನು ನಿನ್ನ ಕೈಯಾರೆ ವಿಚಾರಣಾಧಿಕಾರಿಗೆ ಬರೆದುಕೊಡಬೇಕು. ಹೆಚ್ಚೇನೂ ಬೇಡ, ಒಂದು ಸಾಲು ಸಾಕು: ‘ನನಗೆ ಈಗಲೂ ಸೋರುತ್ತದೆ.’ ಕೆಳಗೆ ಸಹಿ. ತಿಂಗಳ ಕೊನೆಯೊಳಗೆ ತಲುಪಬೇಕು.

ನಿನಗೆ ಮುಜುಗರ ಅಂತ ಗೊತ್ತು. ಗಂಡನಿಗೋಸ್ಕರ ಇಷ್ಟು ಮಾಡು. ಬೇಡಿಕೊಳ್ಳುತ್ತೇನೆ.

ನಿನ್ನ
ಅವನು


ಜುಲೈ ೨೦

ರೀ,

ನಿಮ್ಮ ಪತ್ರವನ್ನು ಸ್ಟುಡಿಯೋದ ಓಣಿಯಲ್ಲಿ ನಿಂತು ಓದಿದೆ. ನೀವು ಕೂತು ಓದು ಅಂದಿದ್ದಿರಿ. ತಡವಾಗಿ ನೆನಪಾಯಿತು, ಆಮೇಲೆ ಹೇಗೂ ನೆಲಕ್ಕೇ ಕೂತೆ.

ನೀವು ಕೇಳದೇ ಇದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ಲಾರಿ ಬಂದು ಹೋದ ವಾರವೇ ನಾನು ಟೇಪು ಹಾಕಿಸಿಕೊಂಡೆ. ಹಣ ನಿಮ್ಮ ಸ್ಕೂಟರಿನದು, ಮಿಕ್ಕದ್ದು ನನ್ನದು. ಮೂರು ಜನರಿಂದ ದರ ತರಿಸಿದೆ, ನಿಯಮ ಮೀರಲಿಲ್ಲ. ಮಾರುವಾಗ ಅತಿ ಹೆಚ್ಚಿನದನ್ನು ಒಪ್ಪಬೇಕಲ್ಲವೇ? ಒಪ್ಪಿದೆ. ಕೊಂಡವನು ಅದನ್ನು ದಿನಾ ಓಡಿಸುತ್ತಾನೆ. ಧೂಳು ಹಿಡಿಯುತ್ತಿಲ್ಲ ಅಂತ ನಾನು ಬರೆದದ್ದು ಸುಳ್ಳಲ್ಲ. ಆಸ್ಪತ್ರೆಗೆ ಜೊತೆಗೆ ಬಂದವಳು ಕೆಳಗಿನ ಮನೆಯಾಕೆ. ಮುಂದಿನ ತಿಂಗಳು ಅವಳ ಸರದಿ, ಜೊತೆಗೆ ಹೋಗುವವಳು ನಾನು.

ಡಾಕ್ಟರಮ್ಮ ಕೆಮ್ಮಿಸಿ ನೋಡಿದರು, ಒಣಗಿತ್ತು. ಸ್ಟುಡಿಯೋದಲ್ಲಿ ಮುದಿರಾಣಿಯ ನಗು ನಗುತ್ತಿದ್ದೇನೆ, ಒಣಗಿಯೇ ಇದೆ. “ಅದು ಕೆಲಸದ ನಗು, ಲೆಕ್ಕ ಇಟ್ಟು ನಗ್ತೀರಿ. ನಿಜವಾಗಿ ನಕ್ಕಾಗ?” ಅಂತ ಅವರು ಕೇಳಿದರು.

“ಸಂದರ್ಭ ಬಂದಿಲ್ಲ ಡಾಕ್ಟ್ರೇ.”

ಸುಳ್ಳಲ್ಲ. ನಿಮ್ಮ ಹಳೆಯ ಪತ್ರಗಳ ಕಟ್ಟನ್ನು ಬಿಚ್ಚಿ ಒಂದು ಇಡೀ ಭಾನುವಾರ ಓದಿದೆ. ಒಂದು ಕಾಲದಲ್ಲಿ ನನ್ನನ್ನು ತೊಪ್ಪೆ ಮಾಡಿದ ಪತ್ರಗಳು. ಜಲದಾನ ಓದಿದೆ, ತಳದ ತೂತು ಓದಿದೆ, ಸಿಮೆಂಟು ಓದಿದೆ. ತುಟಿ ಕೂಡ ಅಲ್ಲಾಡಲಿಲ್ಲ. ಟೇಪು ಹಿಡಿದಿದೆಯೋ, ನನ್ನೊಳಗೆ ನಗುವೇ ಬತ್ತಿದೆಯೋ ತಿಳಿಯದೆ ಹೆದರಿದ್ದೆ. ನಗುವನ್ನು ಮಾರಿ ಉಣ್ಣುವವಳಿಗೆ ಇದು ಸಣ್ಣ ಹೆದರಿಕೆಯಲ್ಲ.

ಈಗ ನಿಮ್ಮ ಈ ಪತ್ರ ಬಂತು. ಕನ್ನಡಕ ತೆಗೆದವರು ‘ಮೂರು ಕೊಟೇಶನ್ ಎಲ್ಲಿ’ ಅಂದಲ್ಲಿ ಗಂಟಲಲ್ಲಿ ಏನೋ ಗುಳುಗುಳು ಅಂತು. ‘ಒಂದು ಸಾಲು ಸಾಕು’ ಅನ್ನುವಲ್ಲಿಗೆ ಬರುವಷ್ಟರಲ್ಲಿ ಗೋಡೆ ಹಿಡಿದುಕೊಂಡಿದ್ದೆ. ಆಮೇಲೆ ಗೋಡೆಯೂ ಸಾಕಾಗಲಿಲ್ಲ. ಸೌಂಡ್ ಇಂಜಿನಿಯರ್ ಹುಡುಗ ಓಡಿ ಬಂದ. ಮೊದಲು ಹೆದರಿದ, ಆಮೇಲೆ ಕೈಯಲ್ಲಿದ್ದ ಮೈಕನ್ನು ನನ್ನ ಮುಖಕ್ಕೆ ಹಿಡಿದ. “ಅಕ್ಕಾ, ನಿಲ್ಲಿಸ್ಬೇಡಿ, ಇದು ಬೇಕು” ಅಂದ. ರಾಣಿ ತನ್ನ ಖಜಾಂಚಿಯನ್ನು ಕತ್ತಲೆಮನೆಗೆ ಎಳೆಸುವ ಕಂತು ಬರುತ್ತಿದೆ, ಅದಕ್ಕೆ ಈ ನಗುವನ್ನೇ ಹಾಕುತ್ತಾರಂತೆ. ಆ ಪತ್ರದಲ್ಲಿ ಒಂದೇ ಒಂದು ಜೋಕಿರಲಿಲ್ಲ. ನೀವು ನನ್ನನ್ನು ಇಷ್ಟು ನಗಿಸಿದ್ದೇ ಇಲ್ಲ.

ಎದ್ದು ಹೋಗಿ ನೋಡಿಕೊಂಡೆ. ಒಂದು ಹನಿಯೂ ಇಲ್ಲ.

ಆದ್ದರಿಂದ ನೀವು ಕೇಳಿದ ಸಾಲನ್ನು ಬರೆಯಲಾರೆ. ವಿಚಾರಣೆಯವರಿಗೆ ಸುಳ್ಳು ಬರೆದುಕೊಟ್ಟರೆ ನಾಳೆ ನನ್ನ ತಲೆಗೂ ಬರುತ್ತದೆ. ಬದಲಿಗೆ ನಿಜವಾದ ಕಾಗದಗಳನ್ನೇ ನೇರವಾಗಿ ಅಧಿಕಾರಿಗಳಿಗೆ ಕಳಿಸಿದ್ದೇನೆ. ಪ್ರತಿ ನಿಮಗೂ ಇದೆ. ರೋಗ ಪೂರ್ತಿ ಗುಣವಾಗಿದೆ ಅಂತ ಡಾಕ್ಟರಮ್ಮನ ಪ್ರಮಾಣಪತ್ರ. ಮಾಲು ಬಳಕೆಯಲ್ಲಿದೆ ಅಂತ ಸೌಂಡ್ ಇಂಜಿನಿಯರನದು. ಹನ್ನೊಂದು ಪೆಟ್ಟಿಗೆಯ ಪ್ಯಾಡುಗಳನ್ನೂ ಅವನು ರೆಕಾರ್ಡಿಂಗ್ ಕೋಣೆಯ ಗೋಡೆಗೆ ಸಾಲಾಗಿ ಅಂಟಿಸಿದ್ದಾನೆ. ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತವಂತೆ. ಹನ್ನೆರಡನೆಯದನ್ನು ತಾನು ಬಳಸಿದೆ ಅಂತ ಕೆಳಗಿನ ಮನೆಯಾಕೆ ಹೆಸರು ಹಾಕಿ ಬರೆದುಕೊಟ್ಟಿದ್ದಾಳೆ. ಮುಚ್ಚಿಟ್ಟು ಸಾಕಾಯಿತು ಅಂದಳು. ಒಟ್ಟು ಮೂರು ಸಹಿ. ಮೂವರೂ ಓದಿಯೇ ಹಾಕಿದ್ದಾರೆ.

ನಿಮ್ಮ ನೌಕರಿ ಹೋಗುತ್ತದೆ ಅಂತ ಗೊತ್ತು. ಅದನ್ನೂ ಕೂತು ಕೂಡಿ ಕಳೆದು ನೋಡಿದೆ. ಇದ್ದದ್ದರಲ್ಲಿ ಇದೇ ಕಡಿಮೆ ಖರ್ಚಿನದು.

ಅಲ್ಲಿಂದ ಬಿಡುಗಡೆಯಾದಮೇಲೆ ನೇರವಾಗಿ ನಿಮ್ಮ ಅಕ್ಕನ ಮನೆಗೆ ಹೋಗಿ. ನಿಮ್ಮ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿ ಅಲ್ಲಿಗೇ ಕಳಿಸಿದ್ದೇನೆ. ಬೇರೆ ಪೆಟ್ಟಿಗೆ ಸಿಗಲಿಲ್ಲ, ಆ ಖಾಲಿ ಹನ್ನೊಂದರಲ್ಲೇ ತುಂಬಿದೆ. ಹೊರಗಿನ ಬರಹ ಹಾಗೇ ಇದೆ, ಮನೆ ನಂಬರು ಮಾತ್ರ ತಿದ್ದಿದ್ದೇನೆ.

ಮೇಲೆ ಎರಡು ಕಡೆ ಅಕ್ಷರ ಕಲಸಿದೆ, ಕ್ಷಮಿಸಿ. ಕಣ್ಣಿನಿಂದ ಸ್ವಲ್ಪ ಸೋರಿತು. ಅದಕ್ಕೆ ಕೊಟೇಶನ್ ಬೇಡ.

ಗಿಲಕಿ